ಟ್ರೇಕಿಯಾಸ್ಟಮಿ ಆದವರಿಗೆ ನೆಬ್ಯುಲೈಸರ್ ಸಾಕಾ, ಹ್ಯುಮಿಡಿಫೈಯರ್ ಬೇರೆ ಬೇಕಾ?

ಟ್ರೇಕಿಯಾಸ್ಟಮಿ (ಉಸಿರಾಡಲು ಕುತ್ತಿಗೆಯಲ್ಲಿ ರಂಧ್ರ ಮಾಡಿ ಟ್ಯೂಬ್ ಹಾಕುವುದು) ಆಗಿರುವ ತಂದೆಗೆ ದಿನಕ್ಕೆ ಮೂರು ಸಲ ನೆಬ್ಯುಲೈಸರ್ ಕೊಡ್ತೀರಿ, ಅದರಲ್ಲೇ ತೇವ ಸಿಗುತ್ತಲ್ವಾ ಅಂತ ಕೇಳಿದ್ದೀರಿ. ಇಲ್ಲ, ಸಿಗಲ್ಲ. ಅಮ್ಮ ಕುತ್ತಿಗೆಯಲ್ಲಿ ಟ್ಯೂಬ್ ಇಟ್ಟುಕೊಂಡು ಮನೆಗೆ ಬಂದಾಗ ನಾನೂ ಹೀಗೇ ಅಂದುಕೊಂಡಿದ್ದೆ.

ಟ್ಯೂಬಿನ ಬಾಯಿಗೆ ಎಚ್‌ಎಂಇ ಹಾಕಿ ಕಳಿಸಿದ್ದರು, ಕೃತಕ ಮೂಗು ಅಂತಾರಲ್ಲ, ಅದು. ಬಿಡುವ ಉಸಿರಿನ ತೇವ ಹಿಡಿದಿಟ್ಟು, ಎಳೆದುಕೊಳ್ಳುವ ಗಾಳಿಗೆ ಕೊಡುವ ಪುಟ್ಟ ಸಾಧನ. ಕಫ ಮೆತ್ತಿಕೊಂಡು ಒದ್ದೆಯಾಯಿತು ಅಂತ ತೆಗೆದಿಟ್ಟೆ. ಹೊಸದು ಹಾಕಲಿಲ್ಲ. ನೆಬ್ಯುಲೈಸರ್‌ನಿಂದ ಅಷ್ಟು ದಟ್ಟವಾಗಿ ಮಂಜು ಬರುವಾಗ ಇದ್ಯಾಕೆ ಅನ್ನಿಸಿತ್ತು. ಮೊದಲು ಕಫ ಅಂಟಂಟಾಯಿತು. ಆಮೇಲೆ ಸಕ್ಷನ್‌ನಲ್ಲಿ (ನಳಿಕೆ ಇಳಿಸಿ ಕಫ ಹೀರಿ ತೆಗೆಯುವಾಗ) ಬರುವುದೇ ಕಮ್ಮಿಯಾಯಿತು. ಗುಣವಾಗ್ತಿದೆ ಅಂತ ಖುಷಿಪಟ್ಟೆವು. ನಿಜಕ್ಕೂ ಅದು ಒಣಗಿ ಟ್ಯೂಬಿನ ಒಳಗೋಡೆಗೆ ಕಟ್ಟಿಕೊಳ್ಳುತ್ತಿತ್ತು. ಒಂದು ರಾತ್ರಿ ಉಸಿರಲ್ಲಿ ಸೀಟಿಯಂಥ ಸದ್ದು. ಸಕ್ಷನ್ ನಳಿಕೆ ಒಳಗೇ ಇಳಿಯಲಿಲ್ಲ. ಒಳಗಿನ ಕ್ಯಾನುಲಾ, ಅಂದರೆ ಟ್ಯೂಬಿನೊಳಗೆ ಕೂರುವ, ಹೊರತೆಗೆಯಬಹುದಾದ ಕೊಳವೆ, ಎಳೆದು ತೆಗೆದ ಮೇಲೆ ಉಸಿರು ಬಂತು. ಅದರ ತುದಿಯಲ್ಲಿ ಒಣಗಿದ ಗೋಂದಿನಂಥ ಕಂದು ಬಿರಡೆ. ಮತ್ತೆ ಆಸ್ಪತ್ರೆ, ನ್ಯುಮೋನಿಯಾ, ಐಸಿಯು.

ಶ್ವಾಸಕೋಶದ ಒಳಕ್ಕೆ ಹೋಗುವಷ್ಟರಲ್ಲಿ ಗಾಳಿ 37 ಡಿಗ್ರಿಗೆ ಬೆಚ್ಚಗಾಗಿ, ಲೀಟರಿಗೆ ಸುಮಾರು 44 ಮಿಲಿಗ್ರಾಂ ನೀರಾವಿ ಹೊತ್ತಿರಬೇಕು. 22 ಡಿಗ್ರಿಯ ಕೋಣೆಯಲ್ಲಿ ತೇವಾಂಶ ಶೇ 50 ಇದ್ದರೂ ಗಾಳಿಯಲ್ಲಿ ಇರುವುದು ಬರೀ 10 ಮಿಲಿಗ್ರಾಂ ಆಸುಪಾಸು. ಉಳಿದದ್ದನ್ನು ಹೆಚ್ಚಾಗಿ ತುಂಬುತ್ತಿದ್ದುದು ಮೂಗು, ಗಂಟಲು. ಟ್ಯೂಬ್ ಅವೆರಡನ್ನೂ ಬಿಟ್ಟು ಗಾಳಿಯನ್ನು ನೇರ ಒಳಗೆ ಕಳಿಸುತ್ತದೆ. ಈ ಕೊರತೆ ಪ್ರತಿ ಉಸಿರಿಗೂ ಇರುತ್ತದೆ. ನೆಬ್ಯುಲೈಸರ್ ಔಷಧ ತಲುಪಿಸುವ ಯಂತ್ರ, ಸ್ವಲ್ಪ ಹೊತ್ತು ಸಣ್ಣ ಹನಿ ಕಳಿಸಿ ನಿಲ್ಲುತ್ತದೆ. ಮಿಕ್ಕ ಇಡೀ ದಿನ ಒಣ ಗಾಳಿಯೇ.

ಹಾಗಾಗಿ ಇದಾ ಅದಾ ಅಂತ ಲೆಕ್ಕ ಹಾಕಬೇಡಿ. ಎರಡರ ಕೆಲಸವೂ ಬೇರೆ. ಕಫ ತೆಳ್ಳಗಿದ್ದರೆ ಹಗಲಿಗೆ ಎಚ್‌ಎಂಇ ಸಾಕಾಗಬಹುದು. ಗಟ್ಟಿಯಿದ್ದರೆ ನೀರು ಬಿಸಿಮಾಡಿ ಆವಿ ಕೊಡುವ ಹ್ಯುಮಿಡಿಫೈಯರ್ ಬಗ್ಗೆ ಡಾಕ್ಟರನ್ನು ಕೇಳಲೇಬೇಕು. ಎಚ್‌ಎಂಇ ಕಫದಿಂದ ಒದ್ದೆಯಾದರೆ ಎಸೆದು ಹೊಸದು ಹಾಕಿ, ಇಲ್ಲದಿದ್ದರೂ ದಿನಕ್ಕೊಮ್ಮೆ ಬದಲಿಸಿ. ನೆಬ್ಯುಲೈಸ್ ಮಾಡುವಾಗ ಮಾತ್ರ ಅದನ್ನು ತೆಗೆಯಿರಿ, ಇಲ್ಲವಾದರೆ ಔಷಧವೆಲ್ಲ ಅದರಲ್ಲೇ ಸಿಕ್ಕಿಕೊಳ್ಳುತ್ತದೆ. ಮುಗಿದ ತಕ್ಷಣ ಮತ್ತೆ ಹಾಕಿ. ಮರೆಯೋದು ಇಲ್ಲೇ.

ಇನ್ನೊಂದು ಒಳ ಕ್ಯಾನುಲಾ ಹಾಸಿಗೆ ಪಕ್ಕದಲ್ಲೇ ಇರಲಿ. ಸಕ್ಷನ್ ನಳಿಕೆ ಇಳಿಯದಿದ್ದರೆ ಮೊದಲು ಒಳ ಕ್ಯಾನುಲಾ ತೆಗೆಯಿರಿ. ಆಗಲೂ ಉಸಿರು ಸಲೀಸಾಗದಿದ್ದರೆ ಒಂದು ಕ್ಷಣವೂ ಕಾಯದೆ ಆಂಬುಲೆನ್ಸ್ ಕರೆಸಿ.