ಲಡ್ಡುವನ್ನು ತೋಟಕ್ಕೆ ಕಳಿಸಿಬಿಡಲೇ?

ನನಗೆ 63 ವರ್ಷ, ಯಜಮಾನರಿಗೆ 69. ಮೈಸೂರಿನಲ್ಲಿ ನಾವಿಬ್ಬರೇ ಇರುವುದು. ಬೆಂಗಳೂರಿನಲ್ಲಿದ್ದ ಮಗ, ಸೊಸೆ ಲ್ಯಾಬ್ರಡಾರ್, ಪೂಡಲ್ ಬೆರಕೆಯ ಒಂದು ಲ್ಯಾಬ್ರಡೂಡಲ್ ನಾಯಿಮರಿ ತಂದಿದ್ದರು, ಹೆಸರು ಲಡ್ಡು. ಕೂದಲು ಉದುರಲ್ಲ, ಅಲರ್ಜಿ ಆಗಲ್ಲ ಎಂದು ಹೇಳಿ ಮಾರಿದ್ದರಂತೆ. ಎಂಟು ತಿಂಗಳ ಹಿಂದೆ ಅವರಿಗೆ ಕೆನಡಾದಲ್ಲಿ ಕೆಲಸ ಸಿಕ್ಕಿತು. "ಆರು ತಿಂಗಳು ನೋಡ್ಕೊಳಮ್ಮ" ಎಂದು ಬಿಟ್ಟುಹೋದರು. ಲಡ್ಡುವಿಗೆ ಈಗ ಒಂದೂವರೆ ವರ್ಷ, 26 ಕೆ.ಜಿ. ತೂಕ. ಬೀದಿಗೆ ಕರೆದೊಯ್ದರೆ ಎಳೆಯುತ್ತಾನೆ, ನನಗೆ ಮಂಡಿನೋವು. ಅವನ ಮೈತುಂಬ ಸಿಕ್ಕು. ಯಜಮಾನರಿಗೆ ಹಳೆಯ ಉಬ್ಬಸ ಮರುಕಳಿಸಿದೆ. ಹೋದ ವಾರ ಕಿವಿಯ ಹತ್ತಿರ ಬಾಚಲು ಹೋದರೆ ಮೊದಲ ಸಲ 'ಗುರ್' ಎಂದ. ಹುಣಸೂರಿನ ಭಾವ "ತೋಟಕ್ಕೆ ಕೊಡಿ, ಕಾವಲಿಗೆ ಕಟ್ಕೊತೀನಿ" ಅನ್ನುತ್ತಿದ್ದಾರೆ. ಮಗನಿಗೆ ಹೇಳಿದರೆ "ಅವನನ್ನ ಕೊಟ್ರೆ ನಾನು ಆ ಮನೆಗೆ ಬರಲ್ಲ" ಎಂದು ಫೋನ್ ಇಟ್ಟ. ರಾತ್ರಿ ಲಡ್ಡು ಮಲಗುವುದು ನನ್ನ ಮಂಚದ ಪಕ್ಕದಲ್ಲೇ. ಕೊಟ್ಟರೆ ಪಾಪ ಬರುತ್ತದೆಯೇ?
- ಹೆಸರು ಬೇಡ, ಮೈಸೂರು

ಅಮ್ಮಾ,

ನಿಮ್ಮ ಪತ್ರ ಓದುವಾಗ ಆ 'ಗುರ್' ಹತ್ತಿರ ನಿಂತುಬಿಟ್ಟೆ. ಎಂಟು ತಿಂಗಳು ನಿಮ್ಮ ಮಂಚದ ಪಕ್ಕ ಮಲಗಿದ ನಾಯಿ ಕಿವಿ ಮುಟ್ಟಿದ್ದಕ್ಕೆ ಗುರುಗುಟ್ಟಿತು ಎಂದರೆ ಅದಕ್ಕೆ ಅಲ್ಲಿ ನೋವಿದೆ. ಬೇರೆ ಎಲ್ಲ ಯೋಚನೆ ಆಮೇಲೆ. ಈ ವಾರವೇ ಪಶುವೈದ್ಯರಿಗೆ ತೋರಿಸಿ.

ಈ ನಾಯಿಯ ಕೂದಲಿನ ವಿಷಯ ನಿಮಗೆ ಯಾರೂ ಹೇಳಿದಂತಿಲ್ಲ. ಲ್ಯಾಬ್ರಡಾರ್ ಆಗಿದ್ದರೆ ಸತ್ತ ಕೂದಲು ನೆಲಕ್ಕೆ ಉದುರುತ್ತದೆ, ನೀವು ಗುಡಿಸುತ್ತೀರಿ. ಪೂಡಲ್ ಬೆರಕೆಯಲ್ಲಿ ಎಷ್ಟೋ ಸಲ ಅದು ನೆಲ ಮುಟ್ಟುವುದೇ ಇಲ್ಲ. ಗುಂಗುರಿನ ಒಳಗೇ ಸಿಕ್ಕಿಕೊಂಡು ಪಕ್ಕದ ಕೂದಲನ್ನೂ ಎಳೆದುಕೊಂಡು ಕಂಬಳಿಯ ಹಾಗೆ ಗಟ್ಟಿಯಾಗುತ್ತದೆ. ಅದರಲ್ಲೂ ಎಂಟರಿಂದ ಹನ್ನೆರಡು ತಿಂಗಳ ಹೊತ್ತಿಗೆ ಮರಿಗೂದಲು ಹೋಗಿ ದೊಡ್ಡ ನಾಯಿಯ ದಟ್ಟ ಕೂದಲು ಬರುವಾಗ, ನಿನ್ನೆಯವರೆಗೆ ಸಲೀಸಾಗಿ ಓಡುತ್ತಿದ್ದ ಬಾಚಣಿಗೆ ಎರಡೇ ವಾರದಲ್ಲಿ ತಗಲಿ ನಿಲ್ಲುತ್ತದೆ. ಲೆಕ್ಕ ಹಾಕಿ ನೋಡಿ, ಮಗ ಬಿಟ್ಟುಹೋದದ್ದು ಸರಿಯಾಗಿ ಆ ಕಾಲಕ್ಕೇ. ನಿಮ್ಮ ಆರೈಕೆಯಲ್ಲಿ ಕೊರತೆಯಾಯಿತೆಂದು ಕೊರಗಬೇಡಿ.

ಹೆಣ್ಣುಮಕ್ಕಳ ತಲೆ ಬಾಚಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಬಿಗಿಯಾಗಿ ಹೆಣೆದ ಜಡೆಯನ್ನು ವಾರಗಟ್ಟಲೆ ಬಿಚ್ಚದೆ ಬಿಟ್ಟರೆ ನೆತ್ತಿ ಹೇಗೆ ಉರಿಯುತ್ತದೆ! ಲಡ್ಡುವಿಗೆ ಅದು ಕಿವಿಯ ಹಿಂದೆ, ಕೊರಳಪಟ್ಟಿಯ ಕೆಳಗೆ, ಕಂಕುಳಲ್ಲಿ, ತೊಡೆಯ ಸಂದಿಯಲ್ಲಿ. ಪ್ರತಿ ಹೆಜ್ಜೆಗೂ ಚರ್ಮ ಜಗ್ಗುತ್ತದೆ. ಮೇಲಿನಿಂದ ಬ್ರಷ್ ಆಡಿಸಿದರೆ ತುಪ್ಪುಳದ ಹಾಗೆ ಚೆಂದ ಕಾಣುತ್ತದೆ. ಬೆರಳನ್ನು ಬುಡದವರೆಗೆ ಇಳಿಸಿ ನೋಡಿ, ಗಂಟು ಕೈಗೆ ಸಿಗುತ್ತದೆ. ಬಾಚದೆ ಸ್ನಾನ ಮಾಡಿಸುತ್ತಿದ್ದರೆ ನಿಲ್ಲಿಸಿ. ನೀರು ಬಿದ್ದು ಒಣಗಿದರೆ ಗಂಟು ಇನ್ನೂ ಬಿಗಿಯಾಗುತ್ತದೆ.

ಈಗಿರುವ ಸಿಕ್ಕನ್ನು ಬಿಡಿಸಲು ಹೋಗಬೇಡಿ, ಅದು ಹಿಂಸೆ. ಅಡುಗೆಮನೆಯ ಕತ್ತರಿಯನ್ನೂ ಹಿಡಿಯಬೇಡಿ. ಗಂಟಿನ ಜೊತೆ ಚರ್ಮವೂ ಮೇಲೆದ್ದು ಬರುತ್ತದೆ, ಕುಯ್ದುಹೋಗುತ್ತದೆ. ವೈದ್ಯರ ಸಲಹೆ ಪಡೆದು, ನಾಯಿಗಳ ಕೂದಲು ಕತ್ತರಿಸಿ ಅನುಭವವಿರುವ ಗ್ರೂಮರ್ ಕೈಯಲ್ಲಿ ಮಷಿನ್‌ನಿಂದ ಮೈಯೆಲ್ಲ ಗಿಡ್ಡಗೆ ತೆಗೆಸಿ. ಮುಂದೆಯೂ ಆರೇಳು ವಾರಕ್ಕೊಮ್ಮೆ ಹಾಗೇ ಮಾಡಿಸಿ. ಚಿತ್ರದಲ್ಲಿರುವ ಟೆಡ್ಡಿ ಕರಡಿಯ ರೂಪ ನಿಮ್ಮ ಮನೆಗೆ ಬೇಡ. ಗಿಡ್ಡ ಕೂದಲಾದರೆ ದಿನ ಬಿಟ್ಟು ದಿನ ಹತ್ತು ನಿಮಿಷ ಸ್ಟೀಲ್ ಬಾಚಣಿಗೆ ಆಡಿಸಿದರೆ ಸಾಕು, ಉಣುಗು ಹತ್ತಿದ್ದರೂ ಆಗಲೇ ಕಣ್ಣಿಗೆ ಬೀಳುತ್ತದೆ. ಜೋತ ಕಿವಿಯ ಒಳಗೂ ಈ ನಾಯಿಗೆ ಕೂದಲು ಬೆಳೆಯುತ್ತದೆ, ಗಾಳಿಯಾಡುವುದಿಲ್ಲ. ವಾರಕ್ಕೊಮ್ಮೆ ಕಿವಿ ಎತ್ತಿ ಮೂಸಿ ನೋಡಿ. ಹುಳಿ ವಾಸನೆ ಬಂದರೆ, ಪದೇ ಪದೇ ತಲೆ ಕೊಡವಿದರೆ ವೈದ್ಯರೇ ನೋಡಬೇಕು. ಕೊಬ್ಬರಿ ಎಣ್ಣೆ ಬಿಡುವ ನಮ್ಮ ಮನೆಮದ್ದು ಅಲ್ಲಿ ಬೇಡ.

ಇನ್ನು ಯಜಮಾನರ ಉಬ್ಬಸ. ಮಾರಿದವರು ಹೇಳಿದ ಮಾತಿಗೆ ಮೂಲವೊಂದಿದೆ. 1980ರ ದಶಕದ ಕೊನೆಯಲ್ಲಿ ಆಸ್ಟ್ರೇಲಿಯಾದ ಅಂಧರ ಮಾರ್ಗದರ್ಶಿ ನಾಯಿಗಳ ಸಂಸ್ಥೆಯಲ್ಲಿ ವಾಲಿ ಕಾನ್ರನ್ ಎಂಬವರು ನಾಯಿ ಬೆಳೆಸುವ ಹೊಣೆ ಹೊತ್ತಿದ್ದರು. ಹವಾಯಿಯ ದೃಷ್ಟಿಹೀನ ಮಹಿಳೆಯೊಬ್ಬರು, ತಮ್ಮ ಗಂಡನಿಗೆ ಅಲರ್ಜಿಯಾಗದ ನಾಯಿ ಬೇಕೆಂದು ಕೇಳಿದರು. ಕಾನ್ರನ್ ಎಷ್ಟೋ ಪೂಡಲ್‌ಗಳನ್ನು ಪರೀಕ್ಷಿಸಿ, ಒಂದೂ ಆ ಕೆಲಸಕ್ಕೆ ಒದಗದೆ, ಕೊನೆಗೆ ಲ್ಯಾಬ್ರಡಾರ್ ಜೊತೆ ಬೆರಕೆ ಮಾಡಿಸಿದರು. ಹುಟ್ಟಿದ ಮೂರು ಮರಿಗಳಲ್ಲಿ ಆ ಗಂಡನಿಗೆ ಒಗ್ಗಿದ್ದು ಒಂದೇ, ಹೆಸರು ಸುಲ್ತಾನ್. ಒಂದೇ ಬಸಿರಿನ ಮಿಕ್ಕೆರಡು ಒಗ್ಗಲಿಲ್ಲ ಎನ್ನುವ ಭಾಗವನ್ನು ಮಾರುವವರು ನುಂಗಿಬಿಡುತ್ತಾರೆ. ತಾನು ಶುರುಮಾಡಿದ್ದು ಇಂಥ ವ್ಯಾಪಾರವಾಯಿತಲ್ಲ ಎಂದು ಕಾನ್ರನ್ ಆಮೇಲೆ ಬಹಿರಂಗವಾಗಿಯೇ ಪರಿತಪಿಸಿದರು.

ಅಲರ್ಜಿ ತರುವುದು ನಾಯಿಯ ಜೊಲ್ಲಿನಲ್ಲಿ, ಚರ್ಮದ ಹೊಟ್ಟಿನಲ್ಲಿ ಇರುವ ಪ್ರೋಟೀನ್. ಕೂದಲು ಉದುರದಿದ್ದರೂ ಅವನು ನೆಕ್ಕುತ್ತಾನೆ, ಮೈ ಕೊಡವುತ್ತಾನೆ. 2012ರಲ್ಲಿ ಪ್ರಕಟವಾದ ನೆದರ್ಲೆಂಡ್ಸ್‌ನ ಅಧ್ಯಯನವೊಂದು ಲ್ಯಾಬ್ರಡೂಡಲ್, ಪೂಡಲ್ ಇರುವ ಮನೆಗಳ ಗಾಳಿಯನ್ನು ಬೇರೆ ನಾಯಿಗಳಿರುವ ಮನೆಗಳ ಗಾಳಿಯೊಂದಿಗೆ ಹೋಲಿಸಿತು. ಆ ಪ್ರೋಟೀನ್ ಪ್ರಮಾಣದಲ್ಲಿ ವ್ಯತ್ಯಾಸ ಕಾಣಲಿಲ್ಲ.

ಆದ್ದರಿಂದ ಯಜಮಾನರನ್ನು ಮೊದಲು ಎದೆರೋಗದ ವೈದ್ಯರಲ್ಲಿಗೆ ಕರೆದೊಯ್ಯಿರಿ. ಉಬ್ಬಸ ಏರಿದ್ದು ನಾಯಿಯಿಂದಲೋ, ಧೂಳಿನಿಂದಲೋ ಎಂದು ಪರೀಕ್ಷೆ ಮಾಡಿಸಿ. ಅಲ್ಲಿಯವರೆಗೆ ಮಲಗುವ ಕೋಣೆಗೆ ಲಡ್ಡುವನ್ನು ಬಿಡಬೇಡಿ. ಮಂಚದ ಪಕ್ಕದ ಹಾಸಿಗೆಯನ್ನು ಹಾಲ್‌ಗೆ ಎಳೆಯುವುದು ನಿಮಗೆ ಎಷ್ಟು ಕಷ್ಟ ಎಂದು ಗೊತ್ತು. ಮೊದಲ ಕೆಲವು ರಾತ್ರಿ ಅವನು ಬಾಗಿಲು ಕೆರೆಯುತ್ತಾನೆ. ನಿಮ್ಮದೊಂದು ಹಳೆಯ ಸೀರೆ ಅವನ ಹಾಸಿಗೆಗೆ ಹಾಕಿ.

ಎಳೆದಾಟಕ್ಕೂ ಕಾರಣವಿದೆ. ಪೂಡಲ್ ಎಂದರೆ ಮಡಿಲಲ್ಲಿ ಕೂರುವ ನಾಯಿ ಎಂದು ಎಲ್ಲರೂ ತಿಳಿದಿರುತ್ತಾರೆ. ಮೂಲದಲ್ಲಿ ಅದು ಬೇಟೆಯ ಬಾತುಕೋಳಿಯನ್ನು ನೀರಿಗಿಳಿದು ಕಚ್ಚಿ ತರುತ್ತಿದ್ದ ನಾಯಿ. ಲ್ಯಾಬ್ರಡಾರ್ ಕೂಡ ಹಾಗೇ. ಇಬ್ಬರು ದುಡಿಮೆಗಾರರ ಮಗ ನಿಮ್ಮ ಹಾಲ್‌ನಲ್ಲಿ ಸುಮ್ಮನೆ ಕೂತಿದ್ದಾನೆ! ಕೊರಳಿಗಲ್ಲದೆ ಮೈಗೆ ತೊಡಿಸುವ, ಎದೆಯ ಮುಂದೆ ಕೊಂಡಿ ಇರುವ ಹಾರ್ನೆಸ್ ಪಟ್ಟಿ ಕೊಳ್ಳಿ, ಎಳೆತ ಕಡಿಮೆಯಾಗುತ್ತದೆ. ಆದರೂ ಹೊರಗೆ ನೀವು ಹಿಡಿಯಬೇಡಿ, 26 ಕೆ.ಜಿ. ನಾಯಿ ಬೆಕ್ಕಿನ ಹಿಂದೆ ಜಿಗಿದರೆ ಮುರಿಯುವುದು ನಿಮ್ಮ ಸೊಂಟ. ಬೆಳಗ್ಗೆ ಬಿಸಿಲೇರುವ ಮುಂಚೆ, ಸಂಜೆ ರಸ್ತೆ ತಣ್ಣಗಾದ ಮೇಲೆ ನಡೆಸಲು ಬಡಾವಣೆಯ ಹುಡುಗನೊಬ್ಬನನ್ನು ಗೊತ್ತುಮಾಡಿ. ಮಧ್ಯಾಹ್ನದ ಊಟವನ್ನು ಹಳೆಯ ಟವೆಲ್‌ನಲ್ಲಿ ಸುತ್ತಿ ಕೊಡಿ, ಬಿಡಿಸಿ ತಿನ್ನಲಿ. ಇಂಥ ನಾಯಿಗಳಿಗೆ ಮೈಯಷ್ಟೇ ತಲೆಯೂ ದಣಿಯಬೇಕು. ಈರುಳ್ಳಿ ಬಿದ್ದ ಹುಳಿ, ಪಾಯಸದ ದ್ರಾಕ್ಷಿ ಮಾತ್ರ ಬಾಯಿಗೆ ಹೋಗದಿರಲಿ, ನಾಯಿಗೆ ಅವು ವಿಷ.

ಹುಣಸೂರಿನ ಭಾವನಿಗೆ ಬೇಡ ಎಂದುಬಿಡಿ. ಅವರ ಮನಸ್ಸು ಒಳ್ಳೆಯದೇ ಇರಬಹುದು. ಮಳೆ, ಕೆಸರು, ಉಣುಗುಗಳ ನಡುವೆ ಈ ಕೂದಲನ್ನು ಅಲ್ಲಿ ಯಾರು ಬಾಚುತ್ತಾರೆ? ಮನುಷ್ಯರ ಹಿಂದೆಯೇ ಸುತ್ತುವ ಜೀವ ಸರಪಳಿಯಲ್ಲಿ ಕುಗ್ಗಿಹೋಗುತ್ತದೆ. ಕಾವಲಿಗಂತೂ ಒದಗದು, ಕಳ್ಳ ಬಂದರೆ ಬಾಲ ಆಡಿಸೀತು.

ಮಗನ ಮಾತಿಗೆ ಬರುತ್ತೇನೆ. "ಆ ಮನೆಗೆ ಬರಲ್ಲ" ಎಂದದ್ದು ತಪ್ಪು. ಪ್ರೀತಿ ಅವನದು, ದುಡಿಮೆ ನಿಮ್ಮದು ಎಂದಾಗಿದೆ. ಫೋನಿನಲ್ಲಿ ಅಳಬೇಡಿ, ಬೈಯಲೂ ಬೇಡಿ. ವಿಡಿಯೊ ಕರೆ ಮಾಡಿ, ಕಿವಿಯ ಹಿಂದಿನ ಗಂಟು ತೋರಿಸಿ, ಅಪ್ಪನ ಇನ್‌ಹೇಲರ್ ತೋರಿಸಿ. ಗ್ರೂಮರ್, ವೈದ್ಯರು, ನಡೆಸುವ ಹುಡುಗ, ಎಲ್ಲದರ ತಿಂಗಳ ಖರ್ಚನ್ನು ಅವನೇ ಕಳಿಸಲಿ. ಯಾವಾಗ ಕರೆದೊಯ್ಯುತ್ತೀ ಎಂದು ತಾರೀಖು ಕೇಳಿ. ಭಾರತದಿಂದ ಮಾರಾಟಕ್ಕೋ ದತ್ತು ಕೊಡಲೋ ನಾಯಿ ತರುವುದನ್ನು ಕೆನಡಾ 2022ರ ಸೆಪ್ಟೆಂಬರ್‌ನಿಂದ ನಿಲ್ಲಿಸಿದೆ. ಮನೆಯ ಸಾಕುನಾಯಿಯನ್ನು ಅದರ ಒಡೆಯನೇ ಜೊತೆಯಲ್ಲಿ ಕರೆದುಕೊಂಡು ಹೋದರೆ ಆ ತಡೆ ಇಲ್ಲ, ರೇಬಿಸ್ ಲಸಿಕೆಯ ಪ್ರಮಾಣಪತ್ರ ಬೇಕು. ಹಾಗಾಗಿ "ನೀನೇ ಕಳಿಸಿಬಿಡಮ್ಮ" ಎಂದರೆ ಒಪ್ಪಬೇಡಿ, ಅವನೇ ಬರಬೇಕು.

ಇಷ್ಟೆಲ್ಲ ಮಾಡಿಯೂ ಯಜಮಾನರ ಉಸಿರು ಸುಧಾರಿಸದಿದ್ದರೆ, ನಾಯಿಯೇ ಕಾರಣ ಎಂದು ವೈದ್ಯರು ಹೇಳಿದರೆ, ಲಡ್ಡುವಿಗೆ ಬೇರೆ ಮನೆ ಹುಡುಕಿ. ಪಾಪ ಬರುವುದಿಲ್ಲ. ಮನೆಯೊಳಗೆ ಇಟ್ಟುಕೊಳ್ಳುವವರು, ನಡೆಸುವ ಶಕ್ತಿ ಇರುವವರು, ಬಾಚಣಿಗೆ ಹಿಡಿಯುವವರು ಆಗಿರಬೇಕು, ಅಷ್ಟೆ. ಆ ಮನೆಯನ್ನು ನೀವೇ ಕಣ್ಣಾರೆ ನೋಡಿ ಬನ್ನಿ. ಮಗ ಮುನಿಸಿಕೊಂಡರೆ ಮುನಿಸಿಕೊಳ್ಳಲಿ. ಅಪ್ಪನ ಉಸಿರಿಗಿಂತ ಅದು ದೊಡ್ಡದಲ್ಲ.

ಮೊದಲು ಆ ಕೂದಲು. ತೆಗೆಸಿ ಮನೆಗೆ ತಂದಾಗ ಲಡ್ಡು ಅರ್ಧವಾಗಿ ಕಾಣುತ್ತಾನೆ, ಕಾಲು ಕಡ್ಡಿಯಂತೆ, ಚರ್ಮ ಅಲ್ಲಲ್ಲಿ ಕೆಂಪಗೆ. ಗಾಬರಿಯಾಗಬೇಡಿ. ಒಂದೆರಡು ದಿನ ಬಿಟ್ಟು, ಕಿವಿಯ ಹಿಂದೆ ಮೆಲ್ಲಗೆ ಬೆರಳಿಟ್ಟು ನೋಡಿ, ಗುರ್ ಎನ್ನುತ್ತಾನೋ ಇಲ್ಲವೋ ನನಗೆ ಬರೆದು ತಿಳಿಸಿ.