ಇಂಡಿಪೆಂಡೆಂಟ್ ಆಗಿದ್ದಕ್ಕೇ ಯೂಕಾನ್ ಫುಟ್‌ಬಾಲ್ ತಂಡ 2021ರಲ್ಲಿ ಅಷ್ಟು ಸೋತಿತಾ?

ನೀವು ಕೇಳಿರುವುದು ಅಮೆರಿಕದ ಕನೆಕ್ಟಿಕಟ್ ವಿಶ್ವವಿದ್ಯಾಲಯದ (ಯೂಕಾನ್) ತಂಡದ ಬಗ್ಗೆ. ಇಲ್ಲಿ ಫುಟ್‌ಬಾಲ್ ಅಂದರೆ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅಮೆರಿಕನ್ ಫುಟ್‌ಬಾಲ್. ಯಾವ ಕಾನ್ಫರೆನ್ಸಿಗೂ (ಹೆಚ್ಚಾಗಿ ತಮ್ಮ ತಮ್ಮಲ್ಲೇ ಆಡುವ ಕಾಲೇಜುಗಳ ಗುಂಪು) ಸೇರದೆ ಒಂಟಿಯಾಗಿ ಆಡಿದ್ದರಿಂದಲೇ 12ರಲ್ಲಿ 11 ಪಂದ್ಯ ಸೋತಿತಾ ಅಂತ. ಆ ವರ್ಷ ನಾನು ಅಲ್ಲಿ ಎಂ.ಎಸ್. ಓದುತ್ತಿದ್ದೆ. ನನ್ನ ಉತ್ತರ: ಅಲ್ಲ. ಆದರೆ ಒಂಟಿಯಾಗಿದ್ದದ್ದು ಆ ಸೋಲನ್ನು ಇನ್ನೂ ಭಾರ ಮಾಡಿತು.

ಕಾನ್ಫರೆನ್ಸಿನಲ್ಲಿ ಇದ್ದಾಗಲೂ ತಂಡ ಸೋಲುತ್ತಲೇ ಇತ್ತು. 2018ರಲ್ಲಿ ಗೆದ್ದದ್ದು ಒಂದೇ ಪಂದ್ಯ, 2019ರಲ್ಲಿ ಎರಡು. ಅಲ್ಲಿಂದ ಹೊರಬಂದದ್ದು ಬ್ಯಾಸ್ಕೆಟ್‌ಬಾಲ್‌ಗಾಗಿ. ಯೂಕಾನ್‌ನ ಜೀವ ಇರುವುದು ಬ್ಯಾಸ್ಕೆಟ್‌ಬಾಲ್‌ನಲ್ಲಿ. ಅದಕ್ಕಾಗಿ 2020ರಲ್ಲಿ ಬಿಗ್ ಈಸ್ಟ್ ಎಂಬ ಇನ್ನೊಂದು ಕಾನ್ಫರೆನ್ಸಿಗೆ ಮರಳಿದರು. ಬಿಗ್ ಈಸ್ಟ್‌ನಲ್ಲಿ ಫುಟ್‌ಬಾಲ್ ಇಲ್ಲ, ಹಾಗಾಗಿ ಫುಟ್‌ಬಾಲ್ ತಂಡ ಒಂಟಿಯಾಯಿತು. ಅದರ ಮೇಲೆ ಕೋವಿಡ್ ಬಂತು, 2020ರ ಸೀಸನ್ನೇ ರದ್ದು. ಒಂದು ವರ್ಷ ಪಂದ್ಯವೇ ಆಡದ ಹುಡುಗರು 2021ರಲ್ಲಿ ನೇರವಾಗಿ ಮೈದಾನಕ್ಕೆ ಇಳಿದರು.

ಮೊದಲ ಪಂದ್ಯದಲ್ಲಿ ಫ್ರೆಸ್ನೊ ಸ್ಟೇಟ್ ಕೈಲಿ 45-0 ಸೋಲು. ಮುಂದಿನ ವಾರ ಕೆಳಗಿನ ದರ್ಜೆಯ ಹೋಲಿ ಕ್ರಾಸ್ ಕೈಲೂ ಸೋಲು. ಅದಾದ ಮೇಲೆ ಕೋಚ್ ರ್‍ಯಾಂಡಿ ಎಡ್ಸಾಲ್ ಕೆಲಸ ಬಿಟ್ಟರು.

ಇಷ್ಟು ಓದಿದರೆ ಕೈಲಾಗದ ತಂಡ ಅನ್ನಿಸುತ್ತದೆ, ಅಲ್ವಾ? ಆದರೆ ವಯೋಮಿಂಗ್ ಪಂದ್ಯ ನೋಡಬೇಕಿತ್ತು. ಕೊನೆ ಗಳಿಗೆಯಲ್ಲಿ ಟಚ್‌ಡೌನ್ (ಎದುರಾಳಿಯ ಗೆರೆ ದಾಟಿಸಿ ಗಳಿಸುವ ಪಾಯಿಂಟ್) ಹೊಡೆದು 24-22ಕ್ಕೆ ಬಂದರು. ಸಮ ಮಾಡಲು ಇನ್ನೆರಡು ಪಾಯಿಂಟ್ ಬೇಕು. ಚೆಂಡನ್ನು ಇನ್ನೊಮ್ಮೆ ಗೆರೆ ದಾಟಿಸಬೇಕು, ಅಷ್ಟೇ. ಆಗಲಿಲ್ಲ. ಮುಂದಿನ ವಾರ ವ್ಯಾಂಡರ್‌ಬಿಲ್ಟ್ ಕೊನೆಯ ಕಿಕ್‌ನಲ್ಲಿ 30-28ಕ್ಕೆ ಗೆದ್ದಿತು. ಎರಡು ವಾರ, ಎರಡೆರಡೇ ಪಾಯಿಂಟ್. ನನಗೆ ರಾತ್ರಿ ಊಟ ಸೇರಲಿಲ್ಲ.

ಒಂಟಿತನದ ಪೆಟ್ಟು ತಿಳಿಯುವುದು ಇಲ್ಲಿಯೇ. ಕಾನ್ಫರೆನ್ಸಿನಲ್ಲಿ ಇದ್ದರೆ ಹೊರಗಿನವರ ಮುಂದೆ ಸೋತರೂ ಪಟ್ಟಿಯಲ್ಲಿ ಮೇಲೇರುವ ಆಸೆ ಉಳಿದಿರುತ್ತದೆ. ಇಂಡಿಪೆಂಡೆಂಟ್ ತಂಡಕ್ಕೆ ಪಟ್ಟಿಯೇ ಇಲ್ಲ. ಸೀಸನ್ ಮುಗಿದ ಮೇಲೆ ನಡೆಯುವ ಬೌಲ್ ಪಂದ್ಯಕ್ಕೆ ಹೋಗಲು ಆರು ಗೆಲುವು ಬೇಕು, ಆ ಲೆಕ್ಕ ತಪ್ಪಿದರೆ ಉಳಿದ ವಾರಗಳಲ್ಲಿ ಆಡುವುದಕ್ಕೆ ಕಾರಣವನ್ನು ಆಟಗಾರರೇ ಹುಡುಕಿಕೊಳ್ಳಬೇಕು. ಎದುರಾಳಿ ಸಿಗುವುದೂ ಕಷ್ಟ. ಅಕ್ಟೋಬರ್, ನವೆಂಬರ್‌ನಲ್ಲಿ ಬೇರೆಯವರೆಲ್ಲ ತಮ್ಮ ತಮ್ಮಲ್ಲೇ ಆಡುತ್ತಿರುತ್ತಾರೆ. ಕ್ಲೆಮ್ಸನ್‌ನಂಥ ದೊಡ್ಡ ತಂಡದ ಊರಿಗೇ ಹೋಗಿ ಆಡಬೇಕಾಗುತ್ತದೆ. ಆ ಪಂದ್ಯದ ಮೊದಲ ಕಿಕ್ಕನ್ನೇ ನಮ್ಮ ಹುಡುಗ ಮೈದಾನದ ಉದ್ದಕ್ಕೂ ಓಡಿ ಟಚ್‌ಡೌನ್ ಮಾಡಿದ. ಮುಗಿದಾಗ 44-7 ಸೋಲು.

ಗೆದ್ದ ಒಂದೇ ಪಂದ್ಯ ಯೇಲ್ ಮೇಲೆ, 21-15. ಈಸ್ಟ್ ಹಾರ್ಟ್‌ಫರ್ಡ್‌ನ ಸ್ಟೇಡಿಯಂ ಕ್ಯಾಂಪಸ್‌ನಿಂದ ದೂರ, ಬಸ್ಸಿನಲ್ಲಿ ಹೋಗಬೇಕು. ಗೆಳೆಯನೊಬ್ಬನನ್ನು ಎಳೆದುಕೊಂಡು ಹೋಗಿದ್ದೆ. ಸತತ 11 ಸೋಲುಗಳ ನಂತರದ ಗೆಲುವು ಅದು. ಯೇಲ್ ಕ್ರೀಡಾ ಸ್ಕಾಲರ್‌ಶಿಪ್ ಕೊಡದ ಕಾಲೇಜು, ಅವರನ್ನು ಗೆದ್ದದ್ದು ದೊಡ್ಡದಲ್ಲ ಎಂದು ಹಲವರು ಅಂದರು. ನಾನು ಒಪ್ಪುವುದಿಲ್ಲ. ಆ ಹುಡುಗರ ಮುಖ ನೋಡಿದ್ದೇನೆ.

2022ರಲ್ಲಿ ಜಿಮ್ ಮೋರಾ ಕೋಚ್ ಆಗಿ ಬಂದರು. ತಂಡ ಆಗಲೂ ಇಂಡಿಪೆಂಡೆಂಟೇ. ನವೆಂಬರ್‌ನಲ್ಲಿ ಲಿಬರ್ಟಿಯನ್ನು 36-33ಕ್ಕೆ ಸೋಲಿಸಿ ಆರನೇ ಗೆಲುವು ಪಡೆದರು. ಅಷ್ಟರಲ್ಲಿ ನಾನು ಬೇರೆ ಊರಿನಲ್ಲಿ ಕೆಲಸಕ್ಕೆ ಸೇರಿದ್ದೆ. ಸ್ಕೋರ್ ನೋಡಿದ ಕೂಡಲೇ ಯೇಲ್ ಪಂದ್ಯಕ್ಕೆ ಬಂದಿದ್ದ ಆ ಗೆಳೆಯನಿಗೆ ಫೋನ್ ಮಾಡಿದೆ. ಅವನೂ ನೋಡುತ್ತಿದ್ದನಂತೆ.