ಕಲಬುರಗಿ ನಾಲ್ಕನೆಯದೋ, ಆರನೆಯದೋ?

ಈ ಸಲ ಬಂದ ಪ್ರಶ್ನೆಗಳೆಲ್ಲ ಊರುಗಳ ಗಾತ್ರದ ಸುತ್ತಲೇ ಇವೆ. ಉತ್ತರಗಳಲ್ಲಿನ ಜನಸಂಖ್ಯೆ 2011ರ ಜನಗಣತಿಯದು, ದುಂಡಾಗಿಸಿ ಕೊಟ್ಟಿದ್ದೇವೆ.

ಪ್ರಶ್ನೆ: ಒಂದು ಸಾಮಾನ್ಯ ಜ್ಞಾನದ ಪುಸ್ತಕದಲ್ಲಿ ಕಲಬುರಗಿ ರಾಜ್ಯದ ನಾಲ್ಕನೇ ದೊಡ್ಡ ನಗರ ಅಂತಿದೆ, ಇನ್ನೊಂದರಲ್ಲಿ ಆರನೆಯದು. ಯಾವುದನ್ನು ನಂಬಬೇಕು?
— ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವವರು, ಕಲಬುರಗಿ

ಉತ್ತರ: ಎರಡೂ ಸರಿ. ಎಣಿಸಿದ ಗಡಿ ಬೇರೆ ಬೇರೆ, ಅಷ್ಟೇ. ಪಾಲಿಕೆಯ ಗಡಿಯೊಳಗಿನ ಜನರನ್ನು ಮಾತ್ರ ಲೆಕ್ಕ ಹಿಡಿದರೆ ಕಲಬುರಗಿಯಲ್ಲಿ 5.3 ಲಕ್ಷ. ಮಂಗಳೂರು, ಬೆಳಗಾವಿ ಎರಡೂ ಆ ಲೆಕ್ಕದಲ್ಲಿ 5 ಲಕ್ಷದೊಳಗೆ ನಿಲ್ಲುತ್ತವೆ. ಹಾಗಾಗಿ ನಾಲ್ಕನೇ ಸ್ಥಾನ. ಗಡಿಗೆ ಹೊಂದಿಕೊಂಡು ಬೆಳೆದ ಪಟ್ಟಣಗಳನ್ನೂ ಸೇರಿಸಿಕೊಂಡು ಜನಗಣತಿಯವರು ‘ನಗರ ಸಮೂಹ’ ಎಂದು ಇನ್ನೊಂದು ಲೆಕ್ಕ ಕೊಡುತ್ತಾರೆ. ಅದರಲ್ಲಿ ಮಂಗಳೂರು 6.2 ಲಕ್ಷ, ಬೆಳಗಾವಿ 6.1 ಲಕ್ಷಕ್ಕೆ ಏರುತ್ತವೆ. ಕಲಬುರಗಿಯ ಸುತ್ತ ಅಂಥ ಪಟ್ಟಣಗಳು ಕಡಿಮೆ, 5.4 ಲಕ್ಷಕ್ಕೇ ನಿಂತು ಆರಕ್ಕೆ ಇಳಿಯುತ್ತದೆ. ಎರಡನೇ ಸ್ಥಾನದಲ್ಲೂ ಇದೇ ಕಥೆ: ಪಾಲಿಕೆ ಲೆಕ್ಕದಲ್ಲಿ ಹುಬ್ಬಳ್ಳಿ-ಧಾರವಾಡ ಮುಂದೆ, ಸಮೂಹದ ಲೆಕ್ಕದಲ್ಲಿ ಮೈಸೂರು. ಹುಬ್ಬಳ್ಳಿ, ಧಾರವಾಡ 1962ರಿಂದ ಒಂದೇ ಪಾಲಿಕೆ ಆಗಿರದಿದ್ದರೆ ಪಟ್ಟಿ ಇನ್ನೊಂದು ಥರ ಇರುತ್ತಿತ್ತು ಎಂಬುದನ್ನೂ ಮರೆಯಬೇಡಿ. ಪ್ರಶ್ನೆಯಲ್ಲಿ ‘ಪಾಲಿಕೆ’ ಎಂದಿದೆಯೋ ‘ನಗರ ಸಮೂಹ’ ಎಂದಿದೆಯೋ ನೋಡಿ ಉತ್ತರ ಗುರುತಿಸಿ.

ಪ್ರಶ್ನೆ: ಶ್ರೇಣಿ-ಗಾತ್ರ ನಿಯಮವನ್ನು ಕರ್ನಾಟಕಕ್ಕೆ ಹಚ್ಚಿ ಪ್ರಾಜೆಕ್ಟ್ ಮಾಡುತ್ತಿದ್ದೇನೆ. ನಗರದ ಸ್ಥಾನವನ್ನು ಜನಸಂಖ್ಯೆಯಿಂದ ಗುಣಿಸಿದರೆ ಎಲ್ಲದಕ್ಕೂ ಹೆಚ್ಚುಕಡಿಮೆ ಒಂದೇ ಸಂಖ್ಯೆ ಬರಬೇಕಂತೆ. ಬೆಂಗಳೂರಿಗೆ 85 ಲಕ್ಷ, ಮೈಸೂರಿಗೆ 20 ಲಕ್ಷ ಬರುತ್ತಿದೆ. ಎಲ್ಲಿ ತಪ್ಪಿದೆ?
— ಭೂಗೋಳಶಾಸ್ತ್ರದ ವಿದ್ಯಾರ್ಥಿನಿ, ಕಲಬುರಗಿ

ಉತ್ತರ: ನಿಮ್ಮ ಗುಣಾಕಾರ ತಪ್ಪಿಲ್ಲ. ಅದೇ ಲೆಕ್ಕವನ್ನು ನಗರ ಸಮೂಹದ ಅಂಕಿ ಹಿಡಿದು ಕೆಳಗಿನ ಸ್ಥಾನಗಳಿಗೂ ಮುಂದುವರಿಸಿ ನೋಡಿ. ಬೆಳಗಾವಿ 6.1ನ್ನು 5ರಿಂದ ಗುಣಿಸಿದರೆ 30.5 ಲಕ್ಷ. ಕಲಬುರಗಿ 32.6, ದಾವಣಗೆರೆ 30.5, ಬಳ್ಳಾರಿ 32.8, ವಿಜಯಪುರ 29.7, ಶಿವಮೊಗ್ಗ 32, ತುಮಕೂರು 33.6. ಐದರಿಂದ ಹನ್ನೊಂದರವರೆಗೆ ಎಲ್ಲವೂ 30ರ ಆಸುಪಾಸಿನಲ್ಲೇ ಕೂತಿವೆ. ಕೆಡುವುದು ಮೇಲಿನ ನಾಲ್ಕರಲ್ಲಿ. 30 ಲಕ್ಷದ ಲೆಕ್ಕ ಹಿಡಿದರೆ ಬೆಂಗಳೂರು 30, ಮೈಸೂರು 15, ಹುಬ್ಬಳ್ಳಿ-ಧಾರವಾಡ 10 ಲಕ್ಷ ಇರಬೇಕಿತ್ತು. ಬೆಂಗಳೂರು ಹತ್ತಿರಹತ್ತಿರ ಮೂರು ಪಟ್ಟು ಉಬ್ಬಿದೆ, ಮೈಸೂರು ಮೂರನೇ ಒಂದು ಪಾಲು ಸೊರಗಿದೆ.

ಈಗ ಇಡೀ ದೇಶಕ್ಕೆ ಅದೇ ಗುಣಾಕಾರ ಹಾಕಿ. ಮುಂಬೈ 1.84 ಕೋಟಿ, ದಿಲ್ಲಿ 1.63ನ್ನು ಎರಡರಿಂದ ಗುಣಿಸಿ 3.3, ಕೋಲ್ಕತ್ತ 4.2, ಚೆನ್ನೈ 3.5, ಬೆಂಗಳೂರು 4.3, ಹೈದರಾಬಾದ್ 4.6, ಅಹಮದಾಬಾದ್ 4.4, ಪುಣೆ 4, ಸೂರತ್ 4.1. ರಾಜ್ಯದ ಪಟ್ಟಿಯಲ್ಲಿ ರಾಕ್ಷಸನಂತೆ ಕಾಣುವ ಬೆಂಗಳೂರು ದೇಶದ ಪಟ್ಟಿಯಲ್ಲಿ ತನ್ನ ಐದನೇ ಪೀಠದಲ್ಲಿ ಅಚ್ಚುಕಟ್ಟಾಗಿ ಕೂತಿದೆ. ಅಲ್ಲಿ ಅಳತೆಗೆ ಸಿಗದೆ ಕುಳ್ಳಾಗಿರುವುದು ಮುಂಬೈ: ನಿಯಮದಂತೆ ಅದು 4 ಕೋಟಿಯ ಊರಾಗಬೇಕಿತ್ತು. (ಈಗಿರುವುದೇ ಸಾಕು ಎಂದು ಲೋಕಲ್ ರೈಲಿನಲ್ಲಿ ನೇತಾಡುವವರು ಹೇಳಿಯಾರು.)

ನಿಮ್ಮ ಪ್ರಾಜೆಕ್ಟಿನ ತಿರುಳು ಇಲ್ಲೇ ಇದೆ. ಈ ನಿಯಮ ಕೂಡಿ ಬೆಳೆದ ನಗರಗಳ ಗುಂಪಿಗೆ ಹೊಂದುತ್ತದೆ. 1913ರಲ್ಲಿ ಜರ್ಮನಿಯ ಭೌತವಿಜ್ಞಾನಿ ಫೆಲಿಕ್ಸ್ ಅವರ್‌ಬಾಖ್ ಇದನ್ನು ಗಮನಿಸಿದ್ದೂ, ಮುಂದೆ ಅಮೆರಿಕದ ಭಾಷಾವಿಜ್ಞಾನಿ ಜಾರ್ಜ್ ಜಿಫ್ ಹೆಸರಿನಲ್ಲಿ ಇದು ಖ್ಯಾತವಾದದ್ದೂ ದೇಶಗಳ ಲೆಕ್ಕದಿಂದ. ಕರ್ನಾಟಕ ಹಾಗೆ ಕೂಡಿ ಬೆಳೆದದ್ದಲ್ಲ. 1956ರ ನವೆಂಬರ್ 1ಕ್ಕೆ ಒಂದಾಗುವ ಮುಂಚೆ ಕಲಬುರಗಿ, ಬೀದರ್, ರಾಯಚೂರು ಹೈದರಾಬಾದಿನ ಕಡೆ ಮುಖ ಮಾಡಿದ್ದವು. ಬೆಳಗಾವಿ, ಧಾರವಾಡ, ವಿಜಯಪುರ ಮುಂಬೈ ಕಡೆಗೆ. ಮಂಗಳೂರು ಮದ್ರಾಸಿನ ಕಡೆಗೆ. ಆ ಮೂರು ದೊಡ್ಡ ಊರುಗಳು ಗಡಿಯಾಚೆ ಉಳಿದವು, ಅವುಗಳ ಕೆಳಗಿನ ಊರುಗಳು ನಮ್ಮ ಪಾಲಿಗೆ ಬಂದವು. ಹಾಗಾಗಿ 85 ಲಕ್ಷದ ಕೆಳಗೆ ಒಮ್ಮೆಲೇ 10 ಲಕ್ಷ, ನಡುವೆ ಮೆಟ್ಟಿಲೇ ಇಲ್ಲ. ಮೊದಲ ನಗರ ಎರಡನೆಯದಕ್ಕಿಂತ ಎರಡು ಪಟ್ಟಿಗೂ ಮೀರಿ ದೊಡ್ಡದಿದ್ದರೆ ‘ಪ್ರಧಾನ ನಗರ’ ಎನ್ನಬಹುದು ಎಂದು ಅಮೆರಿಕದ ಭೂಗೋಳಶಾಸ್ತ್ರಜ್ಞ ಮಾರ್ಕ್ ಜೆಫರ್ಸನ್ 1939ರಲ್ಲಿ ಬರೆದರು. ನಮ್ಮಲ್ಲಿ ಆ ಅನುಪಾತ 8.6. ಹಂಗೇರಿಯಲ್ಲಿ ಬುಡಾಪೆಸ್ಟ್‌ಗೂ ಡೆಬ್ರೆಸೆನ್‌ಗೂ ಇರುವ ಅಂತರ ಹೆಚ್ಚುಕಡಿಮೆ ಇಷ್ಟೇ. ಭಾರತದಲ್ಲಿ ಮುಂಬೈಗೂ ದಿಲ್ಲಿಗೂ ಬರೀ 1.1.

ಗ್ರಾಫ್ ಹಾಕುವಾಗ ಹೀಗೆ ಮಾಡಿ: ಎಲ್ಲ ಊರಿಗೂ ಸಮೂಹದ ಅಂಕಿಯನ್ನೇ ಹಾಕಿ, ಸಮೂಹ ಇಲ್ಲದ ಕಡೆ ಮಾತ್ರ ಪಾಲಿಕೆ ಅಥವಾ ನಗರಸಭೆಯದು. ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿ ಸ್ಥಾನ ಕೊಡಿ. ಸ್ಥಾನದಿಂದ ಅರ್ಧ ಕಳೆದು ಅದರ ಲಾಗರಿದಮ್ ತೆಗೆಯಿರಿ, ಜನಸಂಖ್ಯೆಯದನ್ನೂ ತೆಗೆಯಿರಿ. ಮೊದಲನೆಯದನ್ನು ಲಂಬ ಅಕ್ಷಕ್ಕೆ, ಎರಡನೆಯದನ್ನು ಅಡ್ಡ ಅಕ್ಷಕ್ಕೆ ಹಾಕಿದರೆ ಇಳಿಜಾರು −1ರ ಹತ್ತಿರ ಬರಬೇಕು. ಅರ್ಧ ಕಳೆಯುವುದು ಯಾಕೆಂದರೆ ಊರುಗಳು ಕಡಿಮೆ ಇದ್ದಾಗ ಇಳಿಜಾರು ಒಂದು ಕಡೆ ವಾಲುತ್ತದೆ. ಗಾಬೆ ಮತ್ತು ಇಬ್ರಾಗಿಮೊವ್ ಎಂಬ ಅರ್ಥಶಾಸ್ತ್ರಜ್ಞರು ಸೂಚಿಸಿದ ತಿದ್ದುಪಡಿ ಇದು. ದೋಷದ ಅಂದಾಜಿಗೆ ಎಕ್ಸೆಲ್ ತೋರಿಸುವ ಸಂಖ್ಯೆಯನ್ನು ನಂಬಬೇಡಿ, ಅದು ತೀರಾ ಕಡಿಮೆ ತೋರಿಸುತ್ತದೆ. 2ನ್ನು ಊರುಗಳ ಸಂಖ್ಯೆಯಿಂದ ಭಾಗಿಸಿ ವರ್ಗಮೂಲ ತೆಗೆದು, ಇಳಿಜಾರಿನಿಂದ ಗುಣಿಸಿ. ಹನ್ನೊಂದೇ ಊರಿದ್ದರೆ ದೋಷ 0.43 ಆಗುತ್ತದೆ, ಅಂದರೆ −0.8 ಬಂದರೂ −1.3 ಬಂದರೂ ಏನನ್ನೂ ಸಾಧಿಸಿದಂತಾಗಲಿಲ್ಲ. 200 ಊರು ಹಾಕಿ, 0.1ಕ್ಕೆ ಇಳಿಯುತ್ತದೆ.

ಬೆಂಗಳೂರನ್ನು ತೆಗೆದುಹಾಕಿದರೆ ಸರಿಹೋದೀತು ಎಂದುಕೊಳ್ಳಬೇಡಿ. ಮೈಸೂರಿಗೆ ಒಂದನೇ ಸ್ಥಾನ ಕೊಟ್ಟು ಗುಣಿಸಿದರೆ 9.9, 18.9, 18.7, 24.4 ಹೀಗೆ ಏರುತ್ತಾ ತುಮಕೂರಿಗೆ 30 ಮುಟ್ಟುತ್ತದೆ. ಎರಡನೇ ಸಾಲಿನಲ್ಲಿ ಮುಂದಾಳೇ ಇಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಪ್ರಶ್ನೆ: ಬೀದರಿನವರು ದೊಡ್ಡ ಆಸ್ಪತ್ರೆಗೆ, ಮದುವೆ ಜವಳಿಗೆ ಹೈದರಾಬಾದಿಗೇ ಹೋಗುತ್ತೇವೆ. ಹಾಗಾದರೆ ನಾವು ಯಾವ ನಗರದ ಕೈಕೆಳಗೆ?
— ಓದುಗರು, ಬೀದರ್

ಉತ್ತರ: ಆಡಳಿತಕ್ಕೆ ಬೆಂಗಳೂರು, ಬದುಕಿಗೆ ಹೈದರಾಬಾದ್. ಒಂದು ಸುಮಾರು 700 ಕಿ.ಮೀ., ಇನ್ನೊಂದು ಸುಮಾರು 140. ಕಲಬುರಗಿ ಇನ್ನೂ ಹತ್ತಿರ, ಆದರೆ ಬೀದರ್-ಕಲಬುರಗಿ ರೈಲು ಮಾರ್ಗ ಪೂರ್ತಿಯಾಗಿ ತೆರೆದದ್ದೇ 2017ರಲ್ಲಿ.

ಇದನ್ನು ಅಳೆಯುವ ಸರಳ ವಿಧಾನವೊಂದಿದೆ, 1961ರಲ್ಲಿ ನೈಸ್ಟುಯೆನ್ ಮತ್ತು ಡೇಸಿ ಎಂಬ ಭೂಗೋಳಶಾಸ್ತ್ರಜ್ಞರು ಫೋನ್ ಕರೆಗಳಿಗೆ ಬಳಸಿದ್ದು. ಬಸ್‌ಸ್ಟ್ಯಾಂಡಿನಲ್ಲೂ ನಡೆಯುತ್ತದೆ. ಪ್ರತಿ ಊರಿನಿಂದ ಅತಿ ಹೆಚ್ಚು ಬಸ್ಸು ಹೋಗುವ ಊರು ಯಾವುದೆಂದು ನೋಡಿ. ಅದು ತನಗಿಂತ ದೊಡ್ಡದಾದರೆ ಅತ್ತ ಒಂದು ಬಾಣ ಎಳೆಯಿರಿ. ಚಿಕ್ಕದಾದರೆ ಆ ಊರು ಸ್ವತಂತ್ರ. ಬಾಣಗಳು ಎಲ್ಲಿ ಸೇರುತ್ತವೋ ಅದೇ ಕೇಂದ್ರ. ಆ ಊರಿನಿಂದಲೇ ಹೊರಡುವ ಬಸ್ಸುಗಳನ್ನಷ್ಟೇ ಎಣಿಸಿ, ಹಾದುಹೋಗುವವನ್ನು ಬಿಡಿ. ಜಾತ್ರೆ, ಹಬ್ಬ, ಸಂತೆಯ ದಿನ ಬೇಡ. ಕಲಬುರಗಿ ಶರಣಬಸವೇಶ್ವರ ಜಾತ್ರೆಯ ವಾರ ಎಣಿಸಿದರೆ ಬಾಣಗಳೆಲ್ಲ ಕಲಬುರಗಿಗೇ ಬೀಳುತ್ತವೆ. ಖಾಸಗಿ ಜೀಪು, ಟಂಟಂ ಈ ಲೆಕ್ಕಕ್ಕೆ ಸಿಗುವುದಿಲ್ಲ, ಹಾಗಾಗಿ ಹೋಬಳಿ ಮಟ್ಟಕ್ಕೆ ಇಳಿದಷ್ಟೂ ಫಲಿತಾಂಶ ಸಡಿಲ.

ಪ್ರಶ್ನೆ: ನಮ್ಮೂರಲ್ಲಿ 8 ಸಾವಿರ ಜನ ಇದ್ದೇವೆ. ಆದರೂ ಜನಗಣತಿಯಲ್ಲಿ ಹಳ್ಳಿ ಎಂದೇ ಇದೆ. ಯಾಕೆ?
— ಗ್ರಾಮ ಪಂಚಾಯಿತಿ ಸದಸ್ಯರು, ಸುರಪುರ ತಾಲ್ಲೂಕು, ಯಾದಗಿರಿ ಜಿಲ್ಲೆ

ಉತ್ತರ: ಜನಗಣತಿಯ ಪಟ್ಟಣ ಎನಿಸಲು ಮೂರು ಷರತ್ತು ಒಟ್ಟಿಗೆ ಕೂಡಿಬರಬೇಕು: 5 ಸಾವಿರ ಜನ, ಚದರ ಕಿ.ಮೀ.ಗೆ 400 ಜನರ ಸಾಂದ್ರತೆ, ಮತ್ತು ವರ್ಷದಲ್ಲಿ ಆರು ತಿಂಗಳು ಅಥವಾ ಅದಕ್ಕೂ ಹೆಚ್ಚು ದುಡಿಯುವ ಗಂಡಸರಲ್ಲಿ ನೂರಕ್ಕೆ 75 ಮಂದಿ ಹೊಲದಾಚೆಯ ಕೆಲಸದಲ್ಲಿರಬೇಕು. ಮೊದಲನೆಯದು ನಿಮಗಿದೆ. ನಾರಾಯಣಪುರದ ಕಾಲುವೆ ನೀರು ಉಣ್ಣುವ ಊರುಗಳು ಸಿಕ್ಕಿಬೀಳುವುದು ಹೆಚ್ಚಾಗಿ ಮೂರನೆಯದರಲ್ಲಿ, ಭತ್ತ, ಹತ್ತಿ ಬೆಳೆಯುವ ಗಂಡಸರು ಅಲ್ಲಿ ಕಾಲು ಭಾಗ ಮೀರುತ್ತಾರೆ. ಗ್ರಾಮದ ಕಂದಾಯ ಗಡಿಯೊಳಗೆ ಹೊಲಗಳೂ ಸೇರುವುದರಿಂದ ಸಾಂದ್ರತೆಯೂ ತಗ್ಗುತ್ತದೆ. ಪಟ್ಟಿಯನ್ನು ಹಿಂದಿನ ಗಣತಿಯ ಅಂಕಿ ನೋಡಿ ಮುಂಚೆಯೇ ಮಾಡಿಟ್ಟಿರುತ್ತಾರೆ, ಎಣಿಕೆಯ ದಿನ ಜನ ಹೆಚ್ಚಿದ್ದರೂ ಆಗ ಬದಲಾಗುವುದಿಲ್ಲ.

ಇನ್ನೊಂದು ಮಾತು. ‘ಜನಗಣತಿ ಪಟ್ಟಣ’ ಎನಿಸಿಕೊಂಡರೂ ಆಡಳಿತ ಗ್ರಾಮ ಪಂಚಾಯಿತಿಯದೇ. ಪಟ್ಟಣ ಪಂಚಾಯಿತಿ ಆಗಬೇಕಾದರೆ ರಾಜ್ಯ ಸರ್ಕಾರ 1964ರ ಪೌರಸಭೆಗಳ ಕಾಯ್ದೆಯಡಿ ಅಧಿಸೂಚನೆ ಹೊರಡಿಸಬೇಕು. ಅದಕ್ಕೆ 10 ಸಾವಿರ ಜನ ಬೇಕು.

ಪ್ರಶ್ನೆ: ಶ್ರೇಣಿ-ಗಾತ್ರ ನಿಯಮ ಹಿಡಿದು 2027ರ ಗಣತಿಯಲ್ಲಿ ಯಾದಗಿರಿ ಪಟ್ಟಣ ಲಕ್ಷ ದಾಟುತ್ತದೆಯೇ ಎಂದು ಹೇಳಬಹುದೇ?
— ಓದುಗರು, ಯಾದಗಿರಿ

ಉತ್ತರ: ಆಗದು. ನಿಯಮ ಹೇಳುವುದು ಸ್ಥಾನಗಳ ಸಾಲನ್ನು. ಆ ಸಾಲಿನಲ್ಲಿ ಯಾರು ಎಲ್ಲಿ ನಿಲ್ಲುತ್ತಾರೆಂಬುದನ್ನಲ್ಲ. 2011ರಲ್ಲಿ ಯಾದಗಿರಿ 74 ಸಾವಿರ. ಲಕ್ಷ ಮುಟ್ಟಲು ಹದಿನಾರು ವರ್ಷಕ್ಕೆ ವರ್ಷಕ್ಕೆ ಶೇ. 1.9ರ ಬೆಳವಣಿಗೆ ಸಾಕು. ಅಕ್ಕಪಕ್ಕದ ಒಂದೆರಡು ಹಳ್ಳಿಯನ್ನು ನಗರಸಭೆಗೆ ಸೇರಿಸಿದರೆ ಅಷ್ಟೂ ಬೇಕಿಲ್ಲ.